ತಣ್ಣಗಾಗಲೊಲ್ಲದ ಸೀಟು

ಮೊನ್ನೆ ನಮ್ಮ ಟಿ.ವಿ. ರಿಮೋಟಿನ ಪ್ಲಾಸ್ಟಿಕ್ ಕವರು ಹರಿದುಹೋಯಿತು. ಏಳು ವರ್ಷದ ನಂತರ ಮೊದಲ ಸಲ ರಿಮೋಟು ಬರಿಮೈಯಲ್ಲಿ ಕೈಗೆ ಬಂದಾಗ ನನಗೆ ಒಂಥರಾ ನಾಚಿಕೆಯಾಯಿತು ಅಂದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಮ್ಮ ಮನೆಯಲ್ಲಿ ಮೈಮೇಲೆ ಬಟ್ಟೆಯಿಲ್ಲದೆ ಇರುವ ವಸ್ತು ಎಂದರೆ ಗೋಡೆ ಗಡಿಯಾರ ಒಂದೇ. ಫ್ರಿಜ್ಜಿಗೆ ಕವರುಂಟು, ಅದರ ಹಿಡಿಗೆ ಬೇರೆ ಪುಟ್ಟ ಕವರುಂಟು. ಮಿಕ್ಸಿ, ಗ್ರೈಂಡರು, ವಾಷಿಂಗ್ ಮೆಷಿನ್ನು ಎಲ್ಲವೂ ಮರ್ಯಾದೆಯಾಗಿ ಮೈತುಂಬ ಹೊದ್ದುಕೊಂಡಿವೆ. ಗ್ಯಾಸ್ ಸಿಲಿಂಡರಿಗೂ ನೆರಿಗೆಯ ಲಂಗ ತೊಡಿಸಿದ್ದೇನೆ. ಎಲ್ಲವನ್ನೂ ಹೊಲಿದವಳು ನಾನೇ. ಇಪ್ಪತ್ತೊಂಬತ್ತು ವರ್ಷ ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದರೂ ನನ್ನ ನಿಜವಾದ ಉದ್ಯೋಗ ಸಂಜೆ ಆರರ ಮೇಲೆ, ಹೊಲಿಗೆ ಮೆಷಿನ್ನಿನ ಮುಂದೆ ಶುರುವಾಗುತ್ತಿತ್ತು.

ಇದು ನನಗೆ ಬಳುವಳಿಯಾಗಿ ಬಂದದ್ದು. ನಾವು ಚಿಕ್ಕವರಿದ್ದಾಗ ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಬಾಡಿಗೆಗಿದ್ದೆವು. ಜೂನ್ ಬಂತೆಂದರೆ ಅಮ್ಮ ಹಾಲಿನಲ್ಲಿ ಕಂದು ಕಾಗದ ಹರಡಿಕೊಂಡು, ಬಟ್ಟಲಲ್ಲಿ ಮೈದಾ ಗೋಂದು ಕಲಸಿಟ್ಟುಕೊಂಡು ನಾವು ಮೂವರು ಮಕ್ಕಳ ಪುಸ್ತಕಕ್ಕೆಲ್ಲ ಬೈಂಡು ಹಾಕುತ್ತಿದ್ದಳು. ಗೋಂದಿನ ಹುಳಿ ವಾಸನೆ, ಹೊಸ ಪುಸ್ತಕದ ವಾಸನೆ, ಹೊರಗೆ ಜಿಟಿಜಿಟಿ ಮಳೆ. ಆ ಕಂದು ಕಾಗದ ಕೊಳೆಯಾಗಬಾರದಲ್ಲ, ಅದಕ್ಕೆ ಅದರ ಮೇಲೊಂದು ದಿನಪತ್ರಿಕೆಯ ಹಾಳೆ. ಒಳಗೆ ಯಾವ ಪುಸ್ತಕ ಇದೆ ಎಂದು ಅಮ್ಮನಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಸಲ ನಾನು ವಿಜ್ಞಾನದ ಪಿರಿಯಡ್ಡಿಗೆ ನನ್ನ ಅಣ್ಣನ ಹಿಂದಿ ಪುಸ್ತಕ ಒಯ್ದು, ಬೆಂಚಿನ ಮೇಲೆ ನಿಂತಿದ್ದೆ. ನಿಂತುಕೊಂಡೇ ಪುಸ್ತಕ ಎಷ್ಟು ನೀಟಾಗಿದೆ ಎಂದು ಹೆಮ್ಮೆಪಟ್ಟಿದ್ದೆ.

ಅಪ್ಪ ಒಂದು ವರ್ಷ ಬೋನಸ್ಸಿನಲ್ಲಿ ಸೋಫಾ ತಂದರು. ಸೋಫಾ ಬರುವ ಮೂರು ದಿನ ಮೊದಲೇ ಅಮ್ಮ ಅಂಗಡಿಗೆ ಹೋಗಿ ಅಳತೆ ತಂದು ಕವರು ಹೊಲಿದಿಟ್ಟಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರಲ್ಲ, ಥೇಟ್ ಹಾಗೆ. ತಳ್ಳುಗಾಡಿಯಿಂದ ಇಳಿಸುತ್ತಿದ್ದ ಹಾಗೇ, ಗೇಟಿನ ಬಳಿಯೇ ಅದಕ್ಕೆ ಬಟ್ಟೆ ತೊಡಿಸಿ ಒಳಗೆ ಕರೆದುಕೊಂಡಳು. ಇಪ್ಪತ್ತಾರು ವರ್ಷ ಆ ಸೋಫಾದ ಮೇಲೆ ನಾವು ಕೂತೆವು, ಮಲಗಿದೆವು, ಜಗಳವಾಡಿದೆವು. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದು ಕೂತದ್ದೂ ಅದರ ಮೇಲೆಯೇ. ಕೊನೆಗೆ ಹಳೇ ಸಾಮಾನಿನವನಿಗೆ ಕೊಡುವ ದಿನ ಅವನು ಕವರು ಎಳೆದು ಹಾಕಿದ. ಒಳಗೆ ಕಡುಕೆಂಪು ಮಖಮಲ್ಲು ಇವತ್ತು ತಂದ ಹಾಗಿತ್ತು. ಅಮ್ಮ ಹೊಸ್ತಿಲಲ್ಲಿ ನಿಂತು, ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದೆ ನೋಡು ಅಂದಳು. ಆ ಮಖಮಲ್ಲಿನ ಮೇಲೆ ನಮ್ಮಲ್ಲಿ ಒಬ್ಬರೂ ಒಂದು ದಿನವೂ ಕೂತಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಇಷ್ಟೆಲ್ಲ ಪೀಠಿಕೆ ಯಾಕೆಂದರೆ, ಈ ಬೇಸಿಗೆಯಲ್ಲಿ ನನ್ನ ಕವರಿನ ಹುಚ್ಚು ಒಬ್ಬ ಮನುಷ್ಯನ ಎಡಗಾಲಿಗೇ ಮುಳುವಾಗುವುದರಲ್ಲಿತ್ತು. ಆ ಮನುಷ್ಯ ನಮ್ಮ ಯಜಮಾನರು.

ಅವರು ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರಲಾರದೆ ಜನರ ತಾರಸಿಯ ಮೇಲೆ ತೋಟ ಮಾಡಿಕೊಡುವ ಕೆಲಸ ಹಚ್ಚಿಕೊಂಡರು. ಜೆ.ಪಿ. ನಗರ, ಬನಶಂಕರಿ, ಜರಗನಹಳ್ಳಿ ಹೀಗೆ ಎಲ್ಲೆಲ್ಲೋ ಟೊಮೆಟೊ, ಬಸಳೆ, ಮಲ್ಲಿಗೆ ಬೆಳೆಸಿಕೊಟ್ಟರು. ಕೆಂಪು ಮಣ್ಣು, ಗೊಬ್ಬರ, ಕುಂಡ ಸಾಗಿಸಲು ಒಂದು ಸೆಕೆಂಡ್ ಹ್ಯಾಂಡ್ ಪಿಕಪ್ ಕೊಂಡರು. ಮುಂದೆ ಎರಡು ಸೀಟು, ಹಿಂದೆ ಸಾಮಾನಿಗೆ ತೆರೆದ ತೊಟ್ಟಿ. ಅದರ ಹಳೇ ಮಾಲೀಕ ಯಾರೋ ಶೋಕಿಲಾಲ. ಮುಂದಿನ ಎರಡೂ ಸೀಟಿಗೆ ಕೂಲಿಂಗ್ ವ್ಯವಸ್ಥೆ ಮಾಡಿಸಿದ್ದ. ಸೀಟಿನ ಚರ್ಮದ ತುಂಬ ಸಾಸಿವೆ ಕಾಳಿನಷ್ಟು ತೂತುಗಳು, ಒಳಗೆ ಪುಟ್ಟ ಫ್ಯಾನು. ಗೇರಿನ ಪಕ್ಕದ ಸ್ವಿಚ್ಚು ಒತ್ತಿದರೆ ಒಂದು, ಎರಡು, ಮೂರು ಎಂದು ನೀಲಿ ದೀಪ ಹತ್ತಿಕೊಂಡು, ಆ ಫ್ಯಾನು ಕೂತವರ ಬೆನ್ನಿನ ಬಿಸಿಯನ್ನು ತೂತುಗಳ ಮೂಲಕ ಒಳಕ್ಕೆಳೆದು ಸೀಟಿನ ಅಡಿಯಿಂದ ಹೊರಗೆ ಬಿಡುತ್ತದೆ. ಮಣ್ಣು ಹೊರುವ ಗಾಡಿಗೆ ಇಂಥ ವೈಭೋಗ ಯಾಕೆ ಎಂದು ಇವರು ಮೊದಮೊದಲು ಗೊಣಗಿದರೂ, ಬೇಸಿಗೆಯಲ್ಲಿ ಬಿಸಿಲಿಂದ ಬಂದವರು ಬೆನ್ನು ತಣ್ಣಗಿದೆ ಕಣೇ ಎಂದು ಕಳ್ಳನಗೆ ನಕ್ಕಿದ್ದು ನನಗೆ ನೆನಪಿದೆ. ಆಗ ನಾನು ಅದರೊಳಗೆ ಕಾಲಿಟ್ಟಿರಲಿಲ್ಲ. ನನ್ನ ಲೆಕ್ಕದಲ್ಲಿ ಅದು ಮಣ್ಣಿನ ಲಾರಿ.

ಫೆಬ್ರವರಿಯಲ್ಲಿ ಜರಗನಹಳ್ಳಿಯ ಒಂದು ಮನೆಯ ಮೆಟ್ಟಿಲ ಮೇಲೆ ಮಣ್ಣಿನ ಮೂಟೆ ಹೊತ್ತವರು ಜಾರಿಬಿದ್ದರು. ಬೆನ್ನುಮೂಳೆಯ ಆಪರೇಷನ್ ಆಯಿತು. ಮನೆಗೆ ಕರೆದುಕೊಂಡು ಬಂದಾಗ ಎಡಗಾಲು ಅವರ ಮಾತು ಕೇಳುತ್ತಿರಲಿಲ್ಲ. ಎದೆಯ ಕೆಳಗಿಂದ ಸೊಂಟದವರೆಗೆ ಪಟ್ಟಿಗಳಿರುವ ಬೆಲ್ಟು ಬಿಗಿದಿದ್ದರು. ಡಾಕ್ಟರು ಸ್ಪಷ್ಟವಾಗಿಯೇ ಹೇಳಿದರು: ಮೊದಲ ಒಂದು ತಿಂಗಳು ಹಾಸಿಗೆ, ಆಮೇಲೆ ಮೂರು ತಿಂಗಳು ಬಿಡದೆ ಫಿಸಿಯೋಥೆರಪಿ. ಆ ಮೂರು ತಿಂಗಳಲ್ಲಿ ಕಾಲಿನ ಸ್ನಾಯು ಎಚ್ಚರವಾದರೆ ಆಯಿತು, ಇಲ್ಲವಾದರೆ ಜೀವಮಾನವಿಡೀ ಕೋಲು. ಮೆಟ್ಟಿಲು ಹತ್ತಿ ತಾರಸಿಗೆ ಹೋಗುವ ಮಾತಂತೂ ಇಲ್ಲ. ತಾರಸಿ ಇಲ್ಲದ ನಮ್ಮ ಯಜಮಾನರನ್ನು ನನಗೆ ಊಹಿಸಿಕೊಳ್ಳಲಾಗಲಿಲ್ಲ.

ಅವರು ಹಾಸಿಗೆಯಲ್ಲಿದ್ದ ಆ ತಿಂಗಳು ನಾನು ಮಾಡಿದ ಘನಕಾರ್ಯವೆಂದರೆ ಪಿಕಪ್ಪಿನ ಸೀಟಿಗೆ ಕವರು ಹೊಲಿದದ್ದು. ಬೆನ್ನು ನೊಂದವರು ಕೂರುವ ಜಾಗ ಮೆತ್ತಗಿರಬೇಡವೇ? ಒಳ್ಳೆಯ ದಪ್ಪ ರೆಕ್ಸಿನ್ ತಂದೆ. ಅದರ ಕೆಳಗೆ ಒಂದು ಇಂಚಿನ ಫೋಮು ಇಟ್ಟು ಚೌಕಚೌಕವಾಗಿ ಹೊಲಿಗೆ ಹಾಕಿದೆ. ಉಳಿದ ರೆಕ್ಸಿನ್ನಿನಲ್ಲಿ ಡ್ರೈವರ್ ಸೀಟಿಗೂ ಒಂದು ಸಾದಾ ಕವರಾಯಿತು. ಅವರು ಕೂರುವ ಸೀಟಿನಲ್ಲಿ ತಲೆ ಒರಗುವ ಕಡೆ, ಅವರಿಗೆ ಇಷ್ಟವೆಂದು ಒಂದು ದಾಸವಾಳ ಕಸೂತಿ ಮಾಡಿದೆ. ಇಷ್ಟು ಚಂದದ ಕವರು ಬೆವರಿಗೆ ಕೊಳೆಯಾದೀತೆಂದು ಮೇಲಿಂದ ಟರ್ಕಿ ಟವೆಲ್ಲಿಗೆ ನಾಲ್ಕು ಮೂಲೆಯಲ್ಲೂ ಇಲಾಸ್ಟಿಕ್ ಹಾಕಿ ತೊಡಿಸಿದೆ. ಹೆತ್ತವರಿಗೆ ಹೆಗ್ಗಣ ಮುದ್ದು. ನೋಡಲು ಬಂದ ನೆಂಟರನ್ನೆಲ್ಲ ಮೊದಲು ಗಾಡಿಯ ಹತ್ತಿರ ಕರೆದೊಯ್ದು ಕವರು ತೋರಿಸಿ, ಆಮೇಲೆ ಒಳಗಿದ್ದ ರೋಗಿಯನ್ನು ತೋರಿಸುತ್ತಿದ್ದೆ.

ಎಲ್ಲಿ ಎಡವಟ್ಟಾಯಿತು ಎಂದು ನಿಮಗೆ ಈಗಾಗಲೇ ಗೊತ್ತಾಗಿರಬೇಕು. ನನಗೆ ಗೊತ್ತಾಗಲು ಪೂರ್ತಿ ಹದಿನೆಂಟು ದಿನ ಹಿಡಿಯಿತು.

ಫಿಸಿಯೋಥೆರಪಿಯ ಜಾಗ ಇದ್ದದ್ದು ಬಿಳೇಕಹಳ್ಳಿಯಲ್ಲಿ. ಆಟೋದಲ್ಲಿ ಕುಲುಕಾಟ, ಕಾರಿನಲ್ಲಿ ಬಗ್ಗಿ ಇಳಿಯಬೇಕು, ಎರಡೂ ಆಗದು. ಪಿಕಪ್ಪಿನ ಎತ್ತರದ ಸೀಟಿಂದಾದರೆ ಜಾರಿಕೊಂಡು ನೇರ ನಿಲ್ಲಬಹುದು. ಹೀಗಾಗಿ ಐವತ್ತೆಂಟನೇ ವಯಸ್ಸಿನಲ್ಲಿ ನಾನು ಮಣ್ಣಿನ ಲಾರಿಯ ಚಾಲಕಿಯಾದೆ. ಕಾರು ಓಡಿಸಿ ಅಭ್ಯಾಸವಿತ್ತು, ಆದರೆ ಇದು ಆನೆ. ಮೊದಲ ದಿನ ಬನ್ನೇರುಘಟ್ಟ ರಸ್ತೆಯಲ್ಲಿ ನನ್ನ ಹಿಂದೆ ಹಾರನ್ ಬಾರಿಸಿ ಸುಸ್ತಾದ ಬೈಕಿನವನೊಬ್ಬ ಪಕ್ಕಕ್ಕೆ ಬಂದು ಬೈಯಲು ಬಾಯಿ ತೆರೆದವನು, ನನ್ನನ್ನು ನೋಡಿ, ನಿಧಾನವಾಗಿ ಹೋಗಿ ಆಂಟಿ ಎಂದು ಹೇಳಿ ಹೋದ. ನಾನು ಅದಕ್ಕಿಂತ ನಿಧಾನವಾಗಿ ಹೋಗಲು ಸಾಧ್ಯವಿರಲಿಲ್ಲ.

ನಮಗೆ ಸಿಕ್ಕಿದ್ದು ಹನ್ನೊಂದೂವರೆಯ ಸಮಯ. ಮಾರ್ಚ್ ಕೊನೆಯ ಬಿಸಿಲು, ಹೆಜ್ಜೆಗೊಂದು ಸಿಗ್ನಲ್ಲು. ಮುಂದಿನಿಂದ ಎ.ಸಿ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು, ಆದರೆ ಬೆಲ್ಟಿನೊಳಗಿನ ಬೆನ್ನಿಗೆ ಅದು ಹೇಗೆ ಮುಟ್ಟೀತು? ನಾನು ಸೀಟಿನ ಸ್ವಿಚ್ಚು ಒತ್ತಿ ಮೂರೂ ದೀಪ ಹತ್ತಿಸುತ್ತಿದ್ದೆ. ಅಡಿಯಲ್ಲಿ ಗುರ್ ಎಂದು ಸದ್ದು ಬರುತ್ತಿತ್ತೇ ಹೊರತು ತಂಪು ಬರುತ್ತಿರಲಿಲ್ಲ. ಹೇಗಿದೆ ಎಂದು ಕೇಳಿದರೆ ಇವರದ್ದು ಒಂದೇ ಉತ್ತರ, ಪರವಾಗಿಲ್ಲ. ಮನೆಗೆ ಬಂದು ಬೆಲ್ಟು ಬಿಚ್ಚಿದರೆ ಬನಿಯನ್ನು ಹಿಂಡುವಷ್ಟು ಒದ್ದೆ. ಎಂಟನೇ ದಿನ ನೋಡುತ್ತೇನೆ, ಬೆಲ್ಟಿನ ಪಟ್ಟಿ ಬೀಳುವ ಕಡೆಯೆಲ್ಲ ಬೆನ್ನು ಕೆಂಪಗೆ ಗುಳ್ಳೆ ಎದ್ದು, ಒಂದೆರಡು ಕಡೆ ಚರ್ಮ ಸುಲಿದಿತ್ತು. ನೋಯುತ್ತಿಲ್ಲವೇ ಎಂದರೆ ಅದಕ್ಕೂ ಪರವಾಗಿಲ್ಲ.

ಈ ಪರವಾಗಿಲ್ಲ ಎಂಬ ಮಾತಿನ ಚರಿತ್ರೆಯನ್ನು ನಿಮಗೆ ಹೇಳಲೇಬೇಕು. ಮದುವೆಯಾದ ವರ್ಷ ದೀಪಾವಳಿಗೆ ನನ್ನ ತವರಿಗೆ ಹೋದಾಗ ಅಮ್ಮ ಹೊಸ ಅಳಿಯನಿಗೆ ಹಾಗಲಕಾಯಿ ಗೊಜ್ಜು ಬಡಿಸಿದಳು. ಹೇಗಿದೆ ಎಂದಾಗ ಇವರು ಪರವಾಗಿಲ್ಲ, ಚೆನ್ನಾಗಿದೆ ಎಂದರು. ಅಮ್ಮ ಅದನ್ನು ಮನಸ್ಸಿನಲ್ಲಿ ಬರೆದಿಟ್ಟುಕೊಂಡಳು. ಆಮೇಲೆ ಹತ್ತೊಂಬತ್ತು ವರ್ಷ, ಇವರು ಯಾವಾಗ ಹೋದರೂ, ಹಬ್ಬವಿರಲಿ, ತಿಥಿಯಿರಲಿ, ಇವರ ಎಲೆಗೆ ಹಾಗಲಕಾಯಿ ಗೊಜ್ಜು, ಅದೂ ಎರಡು ಸಲ. ಅಮ್ಮ ತೀರಿಕೊಂಡ ಮೇಲೆ ಒಂದು ದಿನ ನನ್ನ ನಾದಿನಿ ಮಾತಿಗೆ ಹೇಳಿದಳು, ಅಣ್ಣ ಚಿಕ್ಕಂದಿನಿಂದ ಹಾಗಲಕಾಯಿ ಕಂಡರೆ ಊಟ ಬಿಟ್ಟು ಏಳುತ್ತಿದ್ದ ಎಂದು. ನಾನು ಇವರನ್ನು ಕೇಳಿದೆ. ಪಾಪ, ಅವರು ಅಷ್ಟು ಪ್ರೀತಿಯಿಂದ ಮಾಡ್ತಿದ್ರು ಎಂದರು. ಇಂಥ ಮನುಷ್ಯನ ಜೊತೆ ಸಂಸಾರ ಮಾಡುವುದು ಸುಲಭವೆಂದು ಎಲ್ಲರೂ ತಿಳಿಯುತ್ತಾರೆ. ಹಾಗೇನೂ ಇಲ್ಲ.

ಬೆನ್ನು ನೋಡಿದ ಮರುದಿನವೇ, ಫಿಸಿಯೋಥೆರಪಿಯಿಂದ ಹಿಂತಿರುಗುವಾಗ ಸೀಟು ತೋರಿಸಲು ಹೋದೆವು. ಬಿ.ಟಿ.ಎಂ. ಲೇಔಟಿನ ಒಂದು ಅಡ್ಡರಸ್ತೆಯಲ್ಲಿ ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುವ ಬಸವರಾಜ ಎಂಬವನ ಅಂಗಡಿ ಇದೆ. ಬಾಗಲಕೋಟೆಯ ಕಡೆಯವನು, ಮೂವತ್ತೈದರ ಆಸುಪಾಸು, ಕೈಕೆಲಸದಲ್ಲಿ ಗಟ್ಟಿಗ. ಇವರನ್ನು ಸ್ಟೂಲಿನ ಮೇಲೆ ಕೂರಿಸಿ, ಎಳನೀರು ತರಲು ನಾನು ರಸ್ತೆಯ ತುದಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಅವನು ಕವರು ತೆಗೆದು, ಪರೀಕ್ಷೆ ಮಾಡಿ, ಮತ್ತೆ ನೀಟಾಗಿ ಹಾಕುತ್ತಿದ್ದ. ಫ್ಯಾನು ಚಲೋ ಅದಾವ, ಒಂದು ಸರ್ತಿ ಸ್ವಚ್ಛ ಮಾಡೀನಿ ಎಂದ. ಹೇಳುವಾಗ ನನ್ನ ಮುಖ ನೋಡದೆ ಇವರ ಮುಖ ನೋಡಿದ. ನಾನು ಅದಕ್ಕೆ ಅರ್ಥ ಹುಡುಕಲಿಲ್ಲ. ಕವರಿನ ಇಲಾಸ್ಟಿಕ್ಕನ್ನು ಎಷ್ಟು ಜೋಪಾನವಾಗಿ ಎಳೆದು ಹಾಕಿದ ಎಂಬುದನ್ನೇ ನೋಡುತ್ತ ನಿಂತಿದ್ದೆ.

ಹತ್ತನೇ ದಿನ ಇವರು, ಇನ್ನು ನಾನು ಬರಲ್ಲ, ಮನೆಯಲ್ಲೇ ನಡೆದಾಡ್ತೀನಿ ಬಿಡು ಅಂದರು. ಜೀವಮಾನದಲ್ಲಿ ಬೇಡ ಎಂದು ಹೇಳಿದ ಮನುಷ್ಯನಲ್ಲ. ಅವರ ಬಾಯಿಂದ ಆ ಮಾತು ಬರಬೇಕಾದರೆ ಎಷ್ಟು ಸಹಿಸಿರಬೇಕು! ಬೈದೆ, ಬೇಡಿಕೊಂಡೆ. ಬೆನ್ನು ಮಾಗಲಿ, ಆಮೇಲೆ ನೋಡೋಣ ಎಂದು ಗೋಡೆಗೆ ತಿರುಗಿ ಮಲಗಿದರು. ಬೆನ್ನು ಮಾಗುವವರೆಗೆ ಕಾಲು ಕಾಯಬೇಕಲ್ಲ?

ಆವತ್ತು ನನಗೆ ಹಟ ಹಿಡಿಯಿತು. ಬಿಸಿಲನ್ನು ನಾನು ಕಡಿಮೆ ಮಾಡಲಾರೆ, ಬನ್ನೇರುಘಟ್ಟ ರಸ್ತೆಯ ಸಿಗ್ನಲ್ಲುಗಳನ್ನು ತೆಗೆಸಲಾರೆ. ಒಂದು ಸೀಟನ್ನು ತಣ್ಣಗೆ ಮಾಡಲಾರೆನೇ? ಈ ಸೀಟು ಗೆಲ್ಲಬೇಕು ಇಲ್ಲ ನಾನು ಗೆಲ್ಲಬೇಕು ಎಂದು ಸೆರಗು ಸಿಕ್ಕಿಸಿಕೊಂಡೆ.

ಮೊದಲು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದೆ. ಯಾವುಯಾವುದೋ ದೇಶದ ಗಡ್ಡದವರು ತಮ್ಮ ಗಾಡಿಯ ಸೀಟನ್ನು ಇಡಿಯಾಗಿ ಕಿತ್ತು ಅಂಗಳದಲ್ಲಿ ಇಟ್ಟುಕೊಂಡು ಮಾತಾಡುತ್ತಿದ್ದರು. ಅವರ ಮಾತು ಅರ್ಧ ತಿಳಿಯಿತು, ಗಾಳಿ ಹೋಗುವ ದಾರಿ ಕಟ್ಟಿಕೊಂಡರೆ ಸೀಟು ಕೆಲಸ ಮಾಡದು ಎಂಬುದು ಪೂರ್ತಿ ತಿಳಿಯಿತು. ಸರಿ, ದಾರಿ ಎಲ್ಲಿ ಕಟ್ಟಿದೆ ನೋಡೋಣವೆಂದು ಟಾರ್ಚು ಹಿಡಿದು ಪಿಕಪ್ಪಿನ ನೆಲದ ಮೇಲೆ ಮಲಗಿ ಸೀಟಿನ ಅಡಿಗೆ ತಲೆ ತೂರಿಸಿದೆ. ರಸ್ತೆಗೆ ಕಾಣುತ್ತಿದ್ದದ್ದು ನನ್ನ ಎರಡು ಪಾದ ಮಾತ್ರ. ವಾಕಿಂಗ್ ಹೊರಟಿದ್ದ ಎದುರುಮನೆಯ ಹಿರಿಯರು ಗಾಬರಿಯಾಗಿ, ಏನಮ್ಮ, ಎಚ್ಚರ ಇದೆಯಾ ಎಂದು ಕೂಗಿದರು. ಎಚ್ಚರ ಇದೆ ಅಂಕಲ್, ಗಾಳಿ ಹುಡುಕ್ತಿದೀನಿ ಎಂದೆ. ಅವರ ಹೆಜ್ಜೆ ಸದ್ದು ಬೇಗಬೇಗ ದೂರವಾಯಿತು.

ಸೀಟಿನ ಅಡಿಯಲ್ಲಿ ಒಂದು ಕೈಗುದ್ದಲಿ, ಮೆಂತ್ಯ ಬೀಜದ ಪೊಟ್ಟಣ, ತೆಂಗಿನ ನಾರಿನ ಪುಡಿ, ಆಯುಧಪೂಜೆಯಲ್ಲಿ ಹಿಂಡಿದ ಅರ್ಧ ನಿಂಬೆಹಣ್ಣು ಇದ್ದವು. ನಿಂಬೆಹಣ್ಣು ಒಣಗಿ ಅಡಿಕೆಯಾಗಿತ್ತು. ಎಲ್ಲ ಗುಡಿಸಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಜಾಲರಿ ಉಜ್ಜಿ, ಒರೆಸಿದೆ. ಗುರ್ ಎನ್ನುವ ಸದ್ದು ಸ್ವಲ್ಪ ಹಿತವಾಯಿತು. ತಂಪು ಬರಲಿಲ್ಲ. ಗಾಡಿಯನ್ನು ಹೊಂಗೆ ಮರದ ನೆರಳಿಗೆ ಹಾಕಿ ನೋಡಿದೆ. ಹಕ್ಕಿಗಳು ತಮ್ಮ ಅಭಿಪ್ರಾಯ ತಿಳಿಸಿದವೇ ವಿನಾ ಸೀಟು ಬದಲಾಗಲಿಲ್ಲ. ಆಮೇಲೆ ನನ್ನದೇ ಒಂದು ಪ್ರಯೋಗ ಮಾಡಿದೆ. ಸೀಟು ಗಾಳಿ ಎಳೆಯುತ್ತಿದ್ದರೆ ಪೌಡರನ್ನೂ ಎಳೆಯಬೇಕು ತಾನೇ? ಟವೆಲ್ಲಿನ ಮೇಲೆ ಧಾರಾಳವಾಗಿ ಪೌಡರ್ ಉದುರಿಸಿ ಮೂರೂ ದೀಪ ಹಾಕಿದೆ. ಪೌಡರು ಕೂತಲ್ಲೇ ಕೂತಿತ್ತು. ಎ.ಸಿ. ಹಾಕಿದಾಗ ಮಾತ್ರ ಎದ್ದು ನನ್ನ ಮುಖಕ್ಕೆ ಬಂತು. ಮೀಸೆಯೊಂದು ಬಿಟ್ಟು ಮಿಕ್ಕೆಲ್ಲ ನಾಟಕದ ರಾಜನ ವೇಷದಲ್ಲಿ ಒಳಗೆ ಹೋದಾಗ ಇವರು ಹಾಸಿಗೆಯಿಂದಲೇ ನೋಡಿ, ಬಹಳ ದಿನದ ಮೇಲೆ ನಕ್ಕರು. ಫ್ಯಾನಿಗೆ ಶಕ್ತಿ ಸಾಲದು ಎಂದು ನಾನು ಘಂಟಾಘೋಷವಾಗಿ ಸಾರಿದೆ. ಇವರು ಏನೋ ಹೇಳಲು ಬಾಯಿ ತೆರೆದವರು, ಮೊದಲು ಮುಖ ತೊಳ್ಕೋ ಹೋಗು ಎಂದರು.

ಬಸವರಾಜನ ಅಂಗಡಿಗೆ ಒಬ್ಬಳೇ ಹೋದೆ. ಹೊಸ ಫ್ಯಾನು ಹಾಕು ಅಂದೆ. ಬ್ಯಾಡ್ರಿ ಅಕ್ಕಾರ, ಇವೇ ಚಲೋ ಅದಾವ ಎಂದ. ಹಾಕಲೇಬೇಕು ಅಂದೆ. ತಲೆ ಕೆರೆದುಕೊಂಡು ಹಾಕಿಕೊಟ್ಟ. ಮನೆಗೆ ತಂದು ನಾನೇ ಅರ್ಧ ಗಂಟೆ ಕೂತು ನೋಡಿದೆ. ಬೆನ್ನು ಇಡ್ಲಿ ಪಾತ್ರೆಯೊಳಗೆ ಇಟ್ಟ ಹಾಗಿತ್ತು. ಅಷ್ಟರಲ್ಲಿ ಹದಿನೆಂಟನೇ ದಿನವಾಗಿತ್ತು. ಫಿಸಿಯೋಥೆರಪಿಯ ಹುಡುಗಿ ಫೋನ್ ಮಾಡಿ, ಅಂಕಲ್ ಎಂಟು ದಿನದಿಂದ ಬಂದಿಲ್ಲ, ಹೀಗೆ ಬಿಟ್ಟರೆ ಮಾಡಿದ್ದೂ ವ್ಯರ್ಥ ಆಗುತ್ತೆ ಎಂದಳು. ನಾನು ಫೋನ್ ಇಟ್ಟವಳೇ ಕೀ ತೆಗೆದುಕೊಂಡು ಮತ್ತೆ ಬಿ.ಟಿ.ಎಂ.ಗೆ ಹೊರಟೆ. ಇವತ್ತು ಸೀಟು ತಣ್ಣಗಾಗದೆ ನಾನು ಅಂಗಡಿಯಿಂದ ಕದಲುವುದಿಲ್ಲ ಎಂದು ಬಸವರಾಜನಿಗೆ ಹೇಳಿ, ಅವನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೆ.

ಅವನು ನನ್ನನ್ನೂ ಸೀಟನ್ನೂ ಒಂದೆರಡು ಸಲ ನೋಡಿದ. ಎಂದಿನಂತೆ ಟವೆಲ್ಲು ತೆಗೆದು, ಕವರು ತೆಗೆದು, ನಾಲ್ಕು ಮಡಿಕೆ ಮಾಡಿ ನನ್ನ ಕೈಗೆ ಕೊಟ್ಟ. ಅಂಗಡಿಯ ದೇವರ ಪಟದ ಮುಂದೆ ಉರಿಯುತ್ತಿದ್ದ ಊದುಬತ್ತಿ ತಂದು ಸೀಟಿನ ಹತ್ತಿರ ಹಿಡಿದು ಸ್ವಿಚ್ಚು ಒತ್ತಿದ. ನೇರ ಏಳುತ್ತಿದ್ದ ಹೊಗೆ ಬಾಗಿತು. ಬಾಗಿ, ಆ ಸಾಸಿವೆ ತೂತುಗಳೊಳಗೆ ಸುಮ್ಮನೆ ಇಳಿದುಹೋಯಿತು. ಸ್ವಲ್ಪ ಹೊತ್ತಿಗೆ ಸೀಟಿನ ಅಡಿಯಿಂದ ಹೊರಗೆ ಬಂತು. ನಾನು ಕೈಯಿಟ್ಟು ನೋಡಿದೆ. ಅಂಗೈ ತಣ್ಣಗಾಯಿತು.

ಕೈಯಲ್ಲಿ ಕವರು ಇತ್ತು. ಎಷ್ಟು ಭಾರವಿದೆ ಎಂದು ಮೊದಲ ಸಲ ಅನ್ನಿಸಿತು. ಅದನ್ನು ನಾನೇ ಸೀಟಿಗೆ ತೊಡಿಸಿ, ಈಗ ಹಿಡಿ ಎಂದೆ. ಅವನು ಹಿಡಿದ. ಹೊಗೆ ನನ್ನ ದಾಸವಾಳವನ್ನು ಸವರಿಕೊಂಡು ನೆಟ್ಟಗೆ ಮೇಲೆ ಹೋಯಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಆ ಗಾದೆಯ ಅಮ್ಮನಿಗಾದರೂ ಕೂಸು ಸಿಕ್ಕಿದಾಗ ಖುಷಿಯಾಗಿರಬೇಕು.

ಇದು ನಿನಗೆ ಮೊದಲೇ ಗೊತ್ತಿತ್ತಲ್ಲವೇ ಎಂದು ಕೇಳಿದೆ. ಬಸವರಾಜ ಊದುಬತ್ತಿಯನ್ನು ದೇವರ ಮುಂದೆ ಸಿಕ್ಕಿಸಿ ಬಂದು, ನೆಲ ನೋಡಿಕೊಂಡು ಹೇಳಿದ.

"ಮೊದಲನೇ ದಿನಾನ ಸರ್‌ಗೆ ಹೇಳೀನ್ರೀ ಅಕ್ಕಾರ. ನೀವು ಎಳನೀರು ತರಾಕ ಹೋಗಿದ್ರಿ. ಅವರು ನಕ್ಕು, ಅದು ನನಗೂ ಗೊತ್ತೈತಪ್ಪ, ನಮ್ಮ ಮನೆಯವರಿಗೆ ಮಾತ್ರ ಹೇಳಬ್ಯಾಡ ಅಂದ್ರು. ಭಾಳ ಮನಸಿಟ್ಟು ಹೊಲದಾರ, ಅದನ್ನ ಬಿಟ್ಟು ಬ್ಯಾರೆ ಏನರ ದಾರಿ ಇದ್ದರ ನೋಡು ಅಂದ್ರು. ಬ್ಯಾರೆ ದಾರಿ ಎಲ್ಲೈತ್ರಿ?"

ಮನೆಗೆ ಹೇಗೆ ಗಾಡಿ ಓಡಿಸಿಕೊಂಡು ಬಂದೆನೋ ತಿಳಿಯದು. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಇವರು ವರಾಂಡದಲ್ಲಿ ಕೋಲು ಪಕ್ಕಕ್ಕಿಟ್ಟುಕೊಂಡು ಕರಿಬೇವಿನ ಕುಂಡದಲ್ಲಿ ಒಣಗಿದ ಎಲೆ ಆರಿಸುತ್ತಿದ್ದರು. ಕವರನ್ನು ಅವರ ತೊಡೆಯ ಮೇಲೆ ಹಾಕಿ ಕೇಳಿದೆ.

"ಇದರಿಂದಲೇ ಅಂತ ಗೊತ್ತಿತ್ತಾ ನಿಮಗೆ?"

ಅವರು ಎಲೆ ಆರಿಸುವುದನ್ನು ನಿಲ್ಲಿಸಿದರು. "ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

ಅವರು ಕವರಿನ ಅಂಚನ್ನು ಬೆರಳಲ್ಲಿ ಸವರುತ್ತ ಮಾತಾಡಿದರು.

"ನಾನು ಆ ತಿಂಗಳೆಲ್ಲ ಮಲಗಿದ್ನಲ್ಲ ಸುಮಿ, ಪಕ್ಕದ ರೂಮಿಂದ ನಿನ್ನ ಮೆಷಿನ್ ಸದ್ದು ಬರ್ತಿತ್ತು. ಸದ್ದು ನಿಂತ್ರೆ, ನೀನು ಅಳ್ತಿದೀಯೇನೋ ಅನ್ಸೋದು. ಎದ್ದು ಬಂದು ನೋಡೋಕೆ ನನ್ ಕೈಲಿ ಆಗ್ತಿರಲಿಲ್ಲ. ಮತ್ತೆ ಸದ್ದು ಶುರುವಾದ್ರೆ, ಸದ್ಯ ಅನ್ಕೊತಿದ್ದೆ. ಅಂಥದ್ದನ್ನ ತೆಗೆದುಹಾಕು ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅವರ ಊಹೆ ಸುಳ್ಳಲ್ಲ. ಮೆಷಿನ್ನು ನಿಂತಾಗಲೆಲ್ಲ ನಾನು ಅಳುತ್ತಿದ್ದೆ. ಅವರಿಗೆ ಕೇಳಿಸಬಾರದೆಂದು ರೆಕ್ಸಿನ್ನಿಗೆ ಮುಖ ಒತ್ತಿಕೊಂಡು ಅಳುತ್ತಿದ್ದೆ. ನಾನು ಅವರಿಗೆ ಹೇಳಲಿಲ್ಲ, ಅವರು ನನಗೆ ಹೇಳಲಿಲ್ಲ. ಮೂವತ್ತೆರಡು ವರ್ಷದಿಂದ ಇಬ್ಬರೂ ಹೀಗೇ ಒಬ್ಬರನ್ನೊಬ್ಬರು ಜೋಪಾನ ಮಾಡಿಕೊಂಡು ಬಂದಿದ್ದೇವೆ. ನನಗೆ ಅವರನ್ನು ತಬ್ಬಿಕೊಂಡು ಅಳಬೇಕು ಅನ್ನಿಸಿತು. ಆದರೆ ಹಾಗೆ ಅತ್ತು ಮುಗಿಸಿಬಿಟ್ಟರೆ ನಾಳೆಯೂ ಅವರು ಪರವಾಗಿಲ್ಲ ಎಂದೇ ಹೇಳುತ್ತಾರೆ ಎಂದು ಗೊತ್ತಿತ್ತು.

"ನನ್ನ ಕವರು ಉಳಿಸೋಕೆ ನಿಮ್ಮ ಕಾಲು ಕಳ್ಕೋತಿದ್ರಾ?" ಎಂದೆ. "ನಾಳೆ ಹನ್ನೊಂದೂವರೆಗೆ ಬಿಳೇಕಹಳ್ಳೀಲಿ ಇರ್ತೀವಿ. ಇನ್ಮೇಲೆ ಈ ಮನೇಲಿ ಪರವಾಗಿಲ್ಲ ಅನ್ನೋ ಮಾತು ನಡೆಯಲ್ಲ. ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನಿ, ಇಲ್ದಿದ್ರೆ ಇಲ್ಲ ಅನ್ನಿ. ನಾನೇನು ಒಡೆದುಹೋಗಲ್ಲ."

ಅವರು ತಲೆಯಾಡಿಸಿದರು. ಕವರನ್ನು ಒಗೆದು, ಒಣಗಿಸಿ, ಹೊಲಿಗೆ ಬಿಚ್ಚಿ, ಫೋಮನ್ನು ಹೊಸ್ತಿಲಿಗೆ ಕಾಲೊರಸು ಮಾಡಿದೆ. ಅದಕ್ಕೆ ಕವರು ಹಾಕಬೇಕೆಂದು ಕೈ ತುರಿಸಿತು. ಹಾಕಲಿಲ್ಲ.

ಮರುದಿನ ಬರೀ ಸೀಟಿನ ಮೇಲೆ ಅವರನ್ನು ಕೂರಿಸಿ ಹೊರಟೆ. ಮೂರೂ ದೀಪ ಹತ್ತಿದವು. ಬನ್ನೇರುಘಟ್ಟ ರಸ್ತೆಯ ಎರಡನೇ ಸಿಗ್ನಲ್ಲಿನ ಹೊತ್ತಿಗೆ ಅವರು ಬೆನ್ನನ್ನು ಸೀಟಿಗೆ ಪೂರ್ತಿ ಒರಗಿಸಿದರು. ಅಷ್ಟು ದಿನ ಅವರು ಒರಗದೆ, ಮುಂದಕ್ಕೆ ಬಾಗಿಯೇ ಕೂರುತ್ತಿದ್ದರೆಂದು ನನಗೆ ಗೊತ್ತಾದದ್ದು ಆಗ. ಹೇಗಿದೆ ಎಂದು ಕೇಳಿದೆ. ಪರ ಎಂದು ಶುರುಮಾಡಿದವರು ನುಂಗಿಕೊಂಡು, ತಣ್ಣಗಿದೆ, ಹಿತವಾಗಿದೆ ಎಂದರು. ಇನ್ನೇನಾದರೂ ಇದೆಯೇ ಎಂದೆ. ಯೋಚಿಸಿ, ನೀನು ಇಡೀ ರಸ್ತೆ ಸೆಕೆಂಡ್ ಗೇರಿನಲ್ಲೇ ಓಡಿಸುತ್ತೀಯ, ಅದು ಬಹಳ ಹಿಂಸೆ ಎಂದರು. ಬಿಳೇಕಹಳ್ಳಿ ಬರುವಷ್ಟರಲ್ಲಿ ನನ್ನ ಉಪ್ಪಿಟ್ಟಿಗೆ ಉಪ್ಪು ಜಾಸ್ತಿಯೆಂದೂ, ಮಲಗುವ ಕೋಣೆಯ ದಿಂಬು ಎತ್ತರವೆಂದೂ ತಿಳಿಯಿತು. ಕೇಳಿದ್ದು ನಾನೇ, ಹಾಗಾಗಿ ಸಹಿಸಿಕೊಂಡೆ.

ಫಿಸಿಯೋಥೆರಪಿಯ ಹುಡುಗಿ ಅವರನ್ನು ಮಂಚದ ಮೇಲೆ ಮಲಗಿಸಿ, ಎಡತೊಡೆಯ ಮೇಲೆ ಎರಡೂ ಹೆಬ್ಬೆರಳು ಊರಿ ಒತ್ತುತ್ತ, ಮೊದಲ ಹತ್ತು ದಿನವೂ ಕೇಳಿದ್ದ ಪ್ರಶ್ನೆಯನ್ನೇ ಕೇಳಿದಳು. ನೋವಿದೆಯಾ ಅಂಕಲ್?

ಇವರು ನನ್ನ ಕಡೆ ನೋಡಿದರು. ನಾನು ಕಣ್ಣು ಕದಲಿಸಲಿಲ್ಲ.

"ಅಲ್ಲಿ ಏನೂ ಇಲ್ಲಮ್ಮ," ಎಂದು ಅವಳ ಕೈ ಹಿಡಿದು ನಾಲ್ಕು ಬೆರಳು ಕೆಳಗೆ, ಒಳಮಗ್ಗುಲಿಗೆ ಇಟ್ಟರು. "ಇಲ್ಲಿ. ಇಲ್ಲಿ ತಡೆಯೋಕಾಗಲ್ಲ."

ಹುಡುಗಿ ಅವರ ಮುಖವನ್ನೇ ನೋಡಿದಳು. ಇಷ್ಟು ದಿನ ಯಾಕೆ ಅಂಕಲ್ ಹೇಳಲಿಲ್ಲ ಎಂದು ಮೆಲ್ಲಗೆ ಕೇಳಿ, ಅವರು ತೋರಿಸಿದ ಕಡೆ ಒತ್ತಿದಳು. ನಮ್ಮ ಯಜಮಾನರು ಆ ಕೋಣೆಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ಅಮ್ಮಾ ಎಂದು ಕೂಗಿದರು. ಮೂವತ್ತೆರಡು ವರ್ಷದಲ್ಲಿ ನಾನು ಅವರ ಆ ದನಿ ಕೇಳಿರಲಿಲ್ಲ. ಇನ್ನೊಂದು ಸಲ ಒತ್ತಮ್ಮ, ಇವರು ನಡೆಯುತ್ತಾರೆ ಎಂದೆ.